ಮರಳಿನ ಬಣ್ಣ ಕಲಸಿದವನು

ಮುಕ್ತಾ ಅಕ್ಕೋರು ಫೋಟೋವನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದು ಯಾವ ಊರಿನ ಸಮುದ್ರ?" ಎಂದು ಕೇಳಿದರು.

"ನಮ್ಮದೇ ಅಕ್ಕೋರೇ," ಎಂದ ಪುಂಡಲೀಕ. "ಅಳಿವೆ ಬಾಯಿಯದ್ದು."

"ಹೌದನಾ? ನಲವತ್ತು ವರ್ಷದಿಂದ ಇದರ ಎದುರೇ ಕೂತಿದ್ದೇನೆ. ನನಗೆ ಒಂದು ದಿನವೂ ಇಷ್ಟು ನೀಲಿಯಾಗಿ ಕಾಣಿಸಲಿಲ್ಲ. ನಿನ್ನನ್ನು ಕಂಡರೆ ಅದಕ್ಕೆ ಖುಷಿಯೋ ಏನೋ."

ಪುಂಡಲೀಕ ನಗಲಿಲ್ಲ. ಆ ದಿನ ಮಧ್ಯಾಹ್ನದ ಮೇಲೆ ಒಬ್ಬರು ಆಗಲೇ ಈ ಫೋಟೋ ನೋಡಿ ನಕ್ಕಿದ್ದರು.

ಹೊಳೆ ಬಂದು ಸಮುದ್ರ ಸೇರುವಲ್ಲಿ, ದಡಕ್ಕೆ ಅಂಟಿಕೊಂಡೇ ಒಂದು ಉದ್ದನೆಯ ಮರಳದಿಬ್ಬ. ಪ್ರತಿ ಬೇಸಿಗೆಯಲ್ಲೂ ಅಲ್ಲಿಗೆ ರೀವ ಹಕ್ಕಿಗಳು ಬರುತ್ತವೆ. ಬಿಳಿಯ ಸಣ್ಣ ಕಡಲಹಕ್ಕಿ, ಗೊರವಂಕಕ್ಕಿಂತ ದೊಡ್ಡದೇನಲ್ಲ. ಅದು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬೋಳು ಮರಳಲ್ಲಿ ಎದೆಯೊತ್ತಿ ಒಂದು ಗುಳಿ ಮಾಡಿ, ಅದರಲ್ಲಿ ಎರಡು ಮೊಟ್ಟೆ ಇಟ್ಟು ಕೂರುತ್ತದೆ.

ಈ ವರ್ಷ ಕಡಲ ಉತ್ಸವ ಎಂದು ಆ ದಿಬ್ಬವನ್ನು ಸಮ ಮಾಡಿ ವೇದಿಕೆ ಹಾಕುವುದೆಂದು ನಿಶ್ಚಯವಾಗಿತ್ತು. ಹಕ್ಕಿಗಳಿವೆ ಎಂದು ಪುಂಡಲೀಕ ಅರ್ಜಿ ಬರೆದ. ಜೊತೆಗೆ ತಾನೇ ತೆಗೆದ ಈ ಫೋಟೋ ಲಗತ್ತಿಸಿದ.

ಉತ್ಸವದ ಉಸ್ತುವಾರಿಯ ಅಧಿಕಾರಿ ಫೋಟೋ ನೋಡಿ ನಕ್ಕುಬಿಟ್ಟರು.

"ಇದು ಕ್ಯಾಲೆಂಡರಿನ ಚಿತ್ರ. ಇಂಥ ಸಮುದ್ರ ನಮ್ಮಲ್ಲಿಲ್ಲ, ಇಂಥ ಹಕ್ಕಿಯೂ ಇಲ್ಲ. ಎಲ್ಲಿಂದ ಇಳಿಸಿಕೊಂಡೆ?"

ಪುಂಡಲೀಕ ಆಣೆ ಮಾಡಿ ಹೇಳಿದ. ಅವರು ಫೋಟೋ ಹಿಂದಿರುಗಿಸಿ ಗಡಿಯಾರ ನೋಡಿಕೊಂಡರು.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಜೆಸಿಬಿ ಕೆಲಸ ಶುರು ಮಾಡುತ್ತದೆ. ನಾನೂ ಬರುತ್ತೇನೆ. ನಂಬುವಂಥದ್ದು ಏನಾದರೂ ಇದ್ದರೆ ಅಲ್ಲಿಗೇ ತಾ. ಮೊಟ್ಟೆ ಕಂಡರೆ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಇಲ್ಲ."

ಅಲ್ಲಿಂದ ಅವನು ನೇರವಾಗಿ ಅಕ್ಕೋರ ಜಗಲಿಗೆ ಬಂದಿದ್ದ. ಆ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಮುಕ್ತಾ ಅಕ್ಕೋರು ಶಾಲೆಯಲ್ಲಿ ಕಲಿಸಿದವರಲ್ಲ. ಕಪ್ಪುಬಿಳುಪು ಫೋಟೋಗಳ ಕಾಲದಲ್ಲಿ, ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು, ಅವಕ್ಕೆ ಕುಂಚದಿಂದ ಬಣ್ಣ ತುಂಬಿದವರು. ಆ ಕೆಲಸ ನಿಂತಮೇಲೆ ತಾವೇ ಕ್ಯಾಮೆರಾ ಹಿಡಿದರು. ಈಗ ಕಲಿಯಬೇಕೆಂದು ಬಂದವರಿಗೆ ಕಲಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ಒಂದು ವಾರ ಉಳಿಯುವುದಿಲ್ಲ. ಪುಂಡಲೀಕ ಎರಡು ವರ್ಷದಿಂದ ಉಳಿದಿದ್ದ.

"ತೆಗೆದದ್ದು ಹೇಗಿತ್ತೋ ಹಾಗೇ ತೋರಿಸಬಹುದಿತ್ತಲ್ಲ?" ಎಂದರು ಅಕ್ಕೋರು.

"ಅದು ಈಗ ಇಲ್ಲ. ಬಣ್ಣ ಏರಿಸಿದ ಮೇಲೆ ಮೊದಲಿನದನ್ನು ಅಳಿಸಿದೆ. ಸಪ್ಪೆಯಾಗಿತ್ತು."

"ಏನೇನು ಮಾಡಿದೆ, ಹೇಳು."

"ನೀರಿನ ನೀಲಿ ಏರಿಸಿದೆ. ಕೊಕ್ಕಿನ ಹಳದಿಯನ್ನು ಕೇಸರಿಯವರೆಗೆ ತಂದೆ. ಮರಳಿಗೆ ಚಿನ್ನದ ಹೊಳಪು ಕೊಟ್ಟೆ. ಅದರ ಮೇಲೆ ಕರಿ ಚುಕ್ಕೆ, ಚಿಪ್ಪಿನ ಚೂರು, ಕಸ ತುಂಬ ಇತ್ತು. ಎಲ್ಲ ಒರೆಸಿ ಚೊಕ್ಕ ಮಾಡಿದೆ."

"ಚೊಕ್ಕ ಮಾಡಿದೆ," ಎಂದು ಅಕ್ಕೋರು ತಮ್ಮಷ್ಟಕ್ಕೆ ಹೇಳಿಕೊಂಡರು. ಫೋಟೋವನ್ನು ತಮ್ಮ ಹಳೆಯ ಬಣ್ಣದ ಪೆಟ್ಟಿಗೆಯ ತಳದಲ್ಲಿ ಇಟ್ಟರು.

"ಬಣ್ಣ ಹಾಕಿದ್ದು ತಪ್ಪಾ? ನೀವೂ ಹಾಕುತ್ತಿದ್ದಿರಲ್ಲ."

"ತಪ್ಪು ಎಂದರೆ ಇಷ್ಟು ವರ್ಷ ಉಂಡ ಅನ್ನವೇ ತಪ್ಪಾದೀತು ಮಾರಾಯಾ. ಆದರೆ ಮದುವೆಯ ಫೋಟೋ ಬಂದರೆ ನಾನು ಮೊದಲು ಕೇಳುತ್ತಿದ್ದೆ, ಸೀರೆ ಯಾವ ಬಣ್ಣದ್ದು, ಅಂಚು ಯಾವುದು ಅಂತ. ನೀನು ಯಾರನ್ನು ಕೇಳಿದೆ?"

ಅಳಿವೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಕ್ಕಿಗಳ ಕೀಚು ದನಿ ಅದರಲ್ಲಿ ತೇಲಿ ಬಂತು.

"ಅಕ್ಕೋರೇ, ನಾಳೆ ಬೆಳಿಗ್ಗೆ ಒಂದೇ ಅವಕಾಶ. ಬಣ್ಣ ಕಣ್ಣಿಗೆ ಹೊಡೆಯುವ ಹಾಗೂ ಇರಬೇಕು, ನಿಜವೂ ಆಗಿರಬೇಕು. ಹೇಗೆ ತೆಗೆಯಲಿ? ಹೇಳಿಕೊಡಿ. ನನ್ನ ತಪ್ಪಿಗೆ ಆ ಮೊಟ್ಟೆಗಳು ಯಂತ್ರದಡಿ ಹೋಗಬಾರದು."

ಅಕ್ಕೋರು ಪೆಟ್ಟಿಗೆಯಿಂದ ಬಣ್ಣ, ಕುಂಚ ತೆಗೆದು ಚಾಪೆಯ ಮೇಲಿಟ್ಟರು.

"ಹೋಗಿ ಆ ದಿಬ್ಬದ ಬುಡದಿಂದ ಒಂದು ಹಿಡಿ ಮರಳು ತಾ."

ತಂದ. ಅಕ್ಕೋರು ಅದನ್ನು ಒಂದು ತಟ್ಟೆಯಲ್ಲಿ ಹರವಿದರು.

"ಈ ಬಣ್ಣ ಕಲಸು."

"ಈಗಲಾ? ಕತ್ತಲಾಗಲಿಕ್ಕೆ ಇನ್ನು ಒಂದೇ ತಾಸು. ನಾಳೆಗೆ ಲೆನ್ಸ್ ಒರೆಸಬೇಕು, ಬ್ಯಾಟರಿ..."

"ಒಂದು ತಾಸು ಇದೆ ಅಂತಾಯಿತಲ್ಲ."

ಅವನು ಹಳದಿಗೆ ಕಂದು ಸೇರಿಸಿ ಕಾಗದದ ಮೇಲೆ ಬಳಿದ. ಅಕ್ಕೋರು ಒಂದು ಚಿಟಿಕೆ ಮರಳು ಅದರ ಮೇಲೆ ಉದುರಿಸಿದರು.

"ಮರಳು ಕಾಣುತ್ತದಾ?"

"ಕಾಣುತ್ತದೆ."

"ಹಾಗಾದರೆ ಆಗಲಿಲ್ಲ. ಮರಳು ಕಾಣಬಾರದು."

ಬೂದು ಸೇರಿಸಿದ. ಮರಳು ಕಂಡಿತು. ಬಿಳಿ ಸೇರಿಸಿದ. ಕಂಡಿತು. ತುಸು ಕೆಂಪು ಮುಟ್ಟಿಸಿದ. ಇನ್ನೂ ಎದ್ದು ಕಂಡಿತು. ಸೂರ್ಯ ನೀರಿನಿಂದ ಒಂದು ಮಾರು ಮೇಲಿದ್ದ. ಪುಂಡಲೀಕನ ಕುತ್ತಿಗೆಯಲ್ಲಿ ಬೆವರಿಳಿಯಿತು.

"ದೀಪ ಹಚ್ಚಲಾ?"

"ದೀಪದಡಿ ಎಲ್ಲಕ್ಕೂ ದೀಪದ್ದೇ ಬಣ್ಣ."

ಅವನು ಕುಂಚವನ್ನು ಕುಕ್ಕಿದ. "ನಾನು ಫೋಟೋ ತೆಗೆಯುವವನು, ಗೋಡೆಗೆ ಬಣ್ಣ ಹೊಡೆಯುವವನಲ್ಲ!"

"ಗೋಡೆಯಾಗಿದ್ದರೆ ನಿನಗೆ ಸುಲಭ ಇತ್ತು, ತಮಾ. ಒಂದೇ ಬಣ್ಣ ಸಾಕು."

ಪುಂಡಲೀಕ ಸಿಟ್ಟಿನಲ್ಲೇ ತಟ್ಟೆಯ ಮೇಲೆ ಬಾಗಿದ. ಮೂಗು ಮರಳಿಗೆ ತಾಗುವಷ್ಟು ಬಾಗಿದ. ಆಗ ಕಂಡಿತು. ಅದರಲ್ಲಿ ಎಳ್ಳಿನಂಥ ಕಪ್ಪು ಕಾಳು ಇತ್ತು. ಚಿಪ್ಪು ಪುಡಿಯಾದ ಗುಲಾಬಿ ಇತ್ತು. ಗಾಜಿನಂಥದ್ದು, ತುಕ್ಕಿನಂಥದ್ದು, ಹಾಲು ಹಾಕಿದ ಚಹಾದಂಥದ್ದು. ಒಂದೊಂದು ಕಾಳು ಒಂದೊಂದು ಬಗೆಯಲ್ಲಿ ಬೆಳಕು ಹಿಡಿದಿತ್ತು. ಎಲ್ಲ ಸೇರಿದ್ದನ್ನೇ ಅವನು ಇಷ್ಟು ದಿನ ಮರಳು ಎಂದಿದ್ದ.

ಅವನು ಹೊಸ ಕಾಗದ ತೆಗೆದುಕೊಂಡ. ತೆಳ್ಳಗೆ ಬೂದು ಬಳಿದು, ಒಣಗುವ ಮೊದಲೇ ಕುಂಚದ ತುದಿಯಿಂದ ಚುಕ್ಕೆ ಇಡುತ್ತಾ ಹೋದ. ಕಪ್ಪು, ತುಕ್ಕು, ಗುಲಾಬಿ.

ಅಕ್ಕೋರು ಮರಳು ಉದುರಿಸಿದರು. ಅರ್ಧದಷ್ಟು ಕಾಳು ಕಂಡವು. ಇನ್ನರ್ಧ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸೂರ್ಯ ನೀರು ಮುಟ್ಟಿದ.

"ಸಾಕು. ಹೋಗಿ ಉಂಡು ಮಲಗು."

"ಫೋಟೋದ ಬಗ್ಗೆ ಒಂದು ಮಾತೂ ಹೇಳಲಿಲ್ಲ ನೀವು!"

"ಬೆಳಕು ಬೆನ್ನಿಗಿರಲಿ. ಅತಿ ಬೆಳಕು ಬಿಟ್ಟು ಬಿಳಿಯನ್ನು ಸುಡಬೇಡ," ಎಂದರು ಅಕ್ಕೋರು. ಪೆಟ್ಟಿಗೆ ಮುಚ್ಚಿ ಒಳಗೆ ಹೋದರು.

ಮರುದಿನ ಮೂಡಣ ಬಿಳಿಚುವಾಗ ಇಬ್ಬರೂ ದಿಬ್ಬದ ಹತ್ತಿರ ಇದ್ದರು. ಗಾಳಿಮರಗಳ ಸಾಲಿನಡಿ ಜೆಸಿಬಿ ಆಗಲೇ ಬಂದು ನಿಂತಿತ್ತು. ಅದರ ಹಳದಿ ಆ ಮಸುಕಿನಲ್ಲೂ ಕಾಣುತ್ತಿತ್ತು. ಚಾಲಕ ಎಲ್ಲೋ ಚಹಾಕ್ಕೆ ಹೋಗಿದ್ದ.

"ಚಪ್ಪಲಿ ಬಿಡು," ಎಂದರು ಅಕ್ಕೋರು. "ಕಾಲಿಡುವ ಮುಂಚೆ ಅಲ್ಲಿ ಏನಿದೆ ನೋಡು. ನೋಡಿದ ಮೇಲೆ ಇನ್ನೊಮ್ಮೆ ನೋಡು."

ದಿಬ್ಬದ ನಡುವೆ ಯಾವುದೋ ಹಳೆಯ ದೋಣಿಯ ಹಲಗೆಯೊಂದು ಅರ್ಧ ಹೂತಿತ್ತು. ಮೊನ್ನೆಯ ಫೋಟೋವನ್ನೂ ಅವನು ಅದರ ಹತ್ತಿರವೇ ತೆಗೆದಿದ್ದ. ಅಲ್ಲಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ ಹಕ್ಕಿಗಳು ಎದ್ದವು. ಕೀಚಿಡುತ್ತಾ ನೆತ್ತಿಯ ಮೇಲೆ ಎರಗಿದವು. ಒಂದು ಅವನ ಅಂಗಿಯ ಮೇಲೆ ಹಿಕ್ಕೆ ಹಾಕಿ ಹೋಯಿತು.

"ಪ್ರಸಾದ ಸಿಕ್ಕಿತು. ಇನ್ನು ಮಲಗು," ಎಂದರು ಅಕ್ಕೋರು.

ಅವನು ಹಲಗೆಯ ಹತ್ತಿರ ಹೋಗಿ ಹೊಟ್ಟೆಯ ಮೇಲೆ ಮಲಗಿದ. ಹತ್ತು ಮಾರು ಹಿಂದೆ ಅಕ್ಕೋರು ಕೊಡೆ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತರು. ಕ್ರಮೇಣ ಹಕ್ಕಿಗಳು ಇಳಿದವು. ಹಲಗೆಯ ಪಕ್ಕ ಒಂದು ರೀವ ರೆಕ್ಕೆ ಸರಿಮಾಡಿಕೊಂಡು ಕೂತಿತು.

ಬೆನ್ನ ಹಿಂದಿನ ಗುಡ್ಡದಿಂದ ಸೂರ್ಯ ಮೇಲೆ ಬಂದ.

ಪುಂಡಲೀಕ ಕ್ಯಾಮೆರಾದಲ್ಲಿ ಬೆಳಕು ಒಂದು ಹಂತ ಇಳಿಸಿದ. ಹಕ್ಕಿಯ ಬಿಳಿಯೊಳಗೆ ಒಂದೊಂದು ಗರಿಯೂ ಬಿಡಿಸಿಕೊಂಡಿತು. ನೀರು ಕೆಸರು ಬೆರೆತ ಹಸಿರುಬೂದು. ಅದರೆದುರು ಕೊಕ್ಕು ಅರಿಸಿನ ತೇದು ಹಚ್ಚಿದ ಹಾಗೆ ಹಳದಿ, ತುದಿಯಲ್ಲಿ ಮಾತ್ರ ಕಪ್ಪು. ಸುತ್ತಲಿನದು ಸಪ್ಪೆಯಾಗಿದ್ದಕ್ಕೇ ಅದು ಅಷ್ಟು ಹೊಳೆಯುತ್ತಿತ್ತು. ಇದನ್ನು ತಾನು ಕೇಸರಿ ಮಾಡಿದ್ದೆ ಎಂದು ನೆನೆದು ಅವನಿಗೆ ಕೆನ್ನೆ ಬಿಸಿಯಾಯಿತು.

ನಾಲ್ಕಾರು ಸಲ ತೆಗೆದ. ಚೆನ್ನಾಗಿ ಬಂದವು. ಆದರೆ ಮೊಟ್ಟೆ ಹಕ್ಕಿಯ ಹೊಟ್ಟೆಯಡಿ ಇತ್ತು.

ಏಳೂವರೆ. ಗಾಳಿಮರಗಳ ಕಡೆಯಿಂದ ಚಾಲಕ ಕೆಮ್ಮಿದ್ದು ಕೇಳಿಸಿತು.

ಮೊಟ್ಟೆ ಕಂಡರೆ ನಿಲ್ಲಿಸುತ್ತೇನೆ ಎಂದಿದ್ದರು ಅಧಿಕಾರಿ.

ಅವನು ಮೊಣಕೈಯೂರಿ ಒಂದು ಮೊಳ ಮುಂದೆ ಜರುಗಿದ. ಹಕ್ಕಿ ಕತ್ತು ಎತ್ತಿತು. ಇನ್ನೊಂದು ಮೊಳ. ಹಕ್ಕಿ ಎದ್ದು ಹಾರಿತು. ಅದರ ಹಿಂದೆಯೇ ಇಡೀ ದಿಬ್ಬವೇ ಹಾರಿದಂತೆ ಎಲ್ಲವೂ ಎದ್ದವು.

ಗುಳಿ ಬಯಲಿಗೆ ಬಿತ್ತು. ಲೆನ್ಸಿನಲ್ಲಿ ಎರಡು ಮೊಟ್ಟೆ ಮಸುಕಾಗಿ ಕಂಡವು. ಅದು ಮೊಟ್ಟೆಯೋ ಮರಳೋ ತಿಳಿಯದೆ ಕ್ಯಾಮೆರಾ ಹಿಂದೆ ಮುಂದೆ ಹುಡುಕುತ್ತಿತ್ತು. ಅವನು ಲೆನ್ಸನ್ನು ಕೈಯಿಂದಲೇ ತಿರುಗಿಸತೊಡಗಿದ.

ಗಾಳಿಮರದಿಂದ ಒಂದು ಕಾಗೆ ಬಂದು ಹಲಗೆಯ ಮೇಲೆ ಕೂತಿತು.

ಇನ್ನು ಎರಡು ಉಸಿರು ಸಾಕು, ಚಿತ್ರ ಸ್ಪಷ್ಟವಾಗುತ್ತದೆ. ಕಾಗೆ ಮರಳಿಗೆ ಇಳಿಯಿತು. ಒಂದು ಕುಪ್ಪಳ. ಇನ್ನೊಂದು. ಅವನಿದ್ದಾನೆಂದು ತಾಯಿಹಕ್ಕಿ ಕೆಳಗಿಳಿಯದೆ ಮೇಲೆಯೇ ಕೀಚಿಡುತ್ತಿತ್ತು.

ಪುಂಡಲೀಕ ತಿರುಗಿ ಅಕ್ಕೋರನ್ನು ನೋಡಿದ. ಅವರು ಕಾಗೆಯನ್ನು ನೋಡಿದರು, ಅವನನ್ನು ನೋಡಿದರು.

ಅವನು ಶಟರಿನ ಗುಂಡಿಯಿಂದ ಬೆರಳು ತೆಗೆದ. ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ತೆವಳಿದ. ಒಂದು ಮೊಳ, ಎರಡು ಮೊಳ, ಮೂರು. ದಾರಿ ಬಿಟ್ಟದ್ದೇ ಹಕ್ಕಿಗಳು ಕಲ್ಲು ಬೀಸಿದ ಹಾಗೆ ಕಾಗೆಯ ಮೇಲೆ ಬಿದ್ದವು. ಕಾಗೆ ಒಂದು ಸಲ ಕೂಗಿ ಮರಕ್ಕೆ ಓಡಿತು.

ಇನ್ನೊಂದು ಮೊಳ ಹಿಂದೆ ಸರಿಯಲೆಂದು ಅವನು ಎಡ ಮೊಣಕೈ ಎತ್ತಿದ. ಊರುವ ಮುಂಚೆ ಅಲ್ಲಿ ನೋಡಿದ. ಮರಳು. ಇನ್ನೊಮ್ಮೆ ನೋಡಿದ.

ಏನೋ ಸರಿಯಿರಲಿಲ್ಲ. ಬೂದು ಇತ್ತು, ತುಕ್ಕಿತ್ತು, ಕಪ್ಪು ಚುಕ್ಕೆಯೂ ಇತ್ತು. ಆದರೆ ಗುಲಾಬಿ ಇರಲಿಲ್ಲ. ಯಾವ ಕಾಳೂ ಮಿನುಗಲಿಲ್ಲ.

ಅದು ಮೊಟ್ಟೆ. ಪಕ್ಕದಲ್ಲೇ ಇನ್ನೊಂದು.

"ಅಕ್ಕೋರೇ," ಎಂದು ಪಿಸುಗುಟ್ಟಿದ. "ಇಲ್ಲಿ, ನನ್ನ ಕೈಯಡಿಗೇ ಇದೆ."

"ನನಗೆ ಕಾಣುವುದಿಲ್ಲ."

"ಇದೆ ಅಕ್ಕೋರೇ!"

"ನಿನಗೆ ಕಂಡಿತಲ್ಲ. ಕೈ ಬೇರೆ ಕಡೆ ಇಡು."

ಅಲ್ಲೇ ತೆಗೆಯುತ್ತಾ ಉಳಿದರೆ ಇದರ ಹಕ್ಕಿಯೂ ಇಳಿಯುವುದಿಲ್ಲವೆಂದು ಅವನು ಕ್ಯಾಮೆರಾ ಎತ್ತದೆ ಮೈ ಓರೆ ಮಾಡಿ ಸರಿದ. ಒಮ್ಮೆ ಕಂಡ ಮೇಲೆ ಕಣ್ಣು ತಾನಾಗಿ ಹುಡುಕಿತು. ಹಲಗೆಯ ಆಚೆ ಒಂದು ಗುಳಿ. ಬಲಕ್ಕೆ ಇನ್ನೊಂದು. ಹಲಗೆಯ ಸುತ್ತ ಒಟ್ಟು ನಾಲ್ಕು. ಬರುವಾಗ ಒಂದರ ಪಕ್ಕದಲ್ಲೇ ಅವನ ಹೆಜ್ಜೆ ಮೂಡಿತ್ತು.

ಬಿಸಿಲು ಏರಿತು. ಹಾರಿಹೋಗಿದ್ದ ಹಕ್ಕಿ ನೀರಿನ ಮೇಲೆ ತಗ್ಗಿ, ಹೊಟ್ಟೆಯನ್ನು ಅದ್ದಿ, ಮತ್ತೆ ಅದ್ದಿ, ತೊಟ್ಟಿಕ್ಕುತ್ತಾ ಬಂತು. ಬಿಸಿ ಮರಳಲ್ಲಿ ಮೊಟ್ಟೆ ಬೇಯಬಾರದೆಂದು ನೀರು ತಂದಿತ್ತು. ಗುಳಿಯ ಮೇಲೆ ಒಂದು ಗಳಿಗೆ ಕಾಲಗಲಿಸಿ ನಿಂತಿತು. ಒದ್ದೆ ಗರಿಯ ತುದಿಯಲ್ಲಿ ಹನಿ ಹೊಳೆಯಿತು.

ದೂರದಿಂದಲೇ ಅವನು ಒಮ್ಮೆ ಗುಂಡಿ ಒತ್ತಿದ.

ಒಂಬತ್ತಕ್ಕೆ ಸರಿಯಾಗಿ ಅಧಿಕಾರಿ ಬಂದರು. ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. ಚಾಲಕ ಯಂತ್ರ ಚಾಲೂ ಮಾಡಿದ. ನೆಲ ನಡುಗಿತು.

ಅಧಿಕಾರಿ ಕ್ಯಾಮೆರಾದ ಪರದೆಗೆ ಅಂಗೈಯಿಂದ ನೆರಳು ಮಾಡಿ ನೋಡಿದರು.

"ಇದು ನಮ್ಮ ಸಮುದ್ರವೇ," ಎಂದರು. "ಹಕ್ಕಿಯೂ ನಿಜ. ಒಪ್ಪಿದೆ. ಮೊಟ್ಟೆ ಎಲ್ಲಿ?"

"ಅದರ ಕಾಲುಗಳ ನಡುವೆ, ಸರ್."

ಚಿತ್ರ ದೊಡ್ಡದು ಮಾಡಿ ನೋಡಿದರು. ಕನ್ನಡಕ ತೆಗೆದು ನೋಡಿದರು. "ಮರಳು ಕಾಣುತ್ತಿದೆ."

"ಅದು ಹಾಗೆಯೇ ಸರ್. ಕಾಣಬಾರದೆಂದೇ ಇರುವುದು."

"ನಿನ್ನೆ ಬಣ್ಣ ಹೆಚ್ಚಾಯಿತು. ಇವತ್ತು ಕಡಿಮೆಯಾಯಿತಾ?" ಅವರು ಚಾಲಕನ ಕಡೆ ಕೈ ಎತ್ತಲು ಹೊರಟರು.

"ಎರಡು ನಿಮಿಷ ಕೊಡಿ ಸರ್! ಮೊಬೈಲಿಗೆ ಹಾಕಿಕೊಂಡು ಮೊಟ್ಟೆಯೊಂದೇ ಸ್ವಲ್ಪ ಎದ್ದು ಕಾಣುವ ಹಾಗೆ..."

ಅಕ್ಕೋರು ಅವನನ್ನು ನೋಡುತ್ತಲೂ ಇರಲಿಲ್ಲ. ಕೊಡೆಯ ತುದಿಯಿಂದ ಮರಳು ಕೆದಕುತ್ತಿದ್ದರು.

ಪುಂಡಲೀಕ ಮೊಬೈಲನ್ನು ಕಿಸೆಗೆ ಹಾಕಿದ.

"ಬೇಡ ಸರ್. ಇರುವುದು ಇಷ್ಟೇ. ನೀವೇ ಬಂದು ನೋಡಿ."

"ನೋಡುವುದಕ್ಕೇನು? ಬೋಳು ಮರಳು, ಇಲ್ಲಿಂದಲೇ ಕಾಣುತ್ತದೆ," ಎನ್ನುತ್ತಾ ಅಧಿಕಾರಿ ಬಿರುಸಾಗಿ ನಡೆದರು. ಪುಂಡಲೀಕ ಹಿಂದೆಯೇ ಓಡಿದ. ಹಕ್ಕಿಗಳು ಎದ್ದು ಕಿರುಚಿದವು. "ಎಲ್ಲಿ? ಯಾವ ಮೊಟ್ಟೆ? ಇಲ್ಲಿ ಒಂದು ಹುಲ್ಲು ಕಡ್ಡಿಯೂ..."

"ನಿಲ್ಲಿ! ಕಾಲು ಇಳಿಸಬೇಡಿ!"

ಅಧಿಕಾರಿಯ ಬಲಗಾಲು ಗಾಳಿಯಲ್ಲೇ ನಿಂತಿತು. ಜೋಲಿ ಹೊಡೆದು ಅವರು ಪುಂಡಲೀಕನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನು? ಹಾವಾ?"

"ನಿಮ್ಮ ಬೂಟಿನ ಕೆಳಗೆ ನೋಡಿ ಸರ್. ಮರಳನ್ನಲ್ಲ. ಮಿನುಗದೆ ಇರುವುದನ್ನು ನೋಡಿ."

ಅವರು ಬಾಗಿ ನೋಡಿದರು. ಏನೂ ಕಾಣಲಿಲ್ಲ. ಒಂಟಿಕಾಲಲ್ಲಿ ನಡುಗುತ್ತಾ ಮತ್ತೆ ನೋಡಿದರು. ಹಕ್ಕಿಯೊಂದು ಅವರ ಟೊಪ್ಪಿಯನ್ನು ಕುಕ್ಕಿ ಹೋಯಿತು. ಆಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು.

"ಅಯ್ಯೋ ದೇವರೇ," ಎಂದರು. "ಎರಡಿವೆ."

"ಹೌದು ಸರ್."

ಅವರು ಸುತ್ತ ಕಣ್ಣಾಡಿಸಿದರು. ಬೋಳು ಮರಳು ಬಿಸಿಲಲ್ಲಿ ಬಿದ್ದಿತ್ತು, ಮೊದಲಿನ ಹಾಗೆಯೇ. ಅವರ ಬೆರಳುಗಳು ಪುಂಡಲೀಕನ ಹೆಗಲಲ್ಲಿ ಇನ್ನಷ್ಟು ಊರಿದವು.

"ಈ ಕಾಲನ್ನು ನಾನೀಗ ಎಲ್ಲಿಡಲಿ, ಮಾರಾಯಾ?"

ಪುಂಡಲೀಕ ಮಂಡಿಯೂರಿದ. ಅವರ ಪಾದ ಹಿಡಿದು ಹಿಂದಿನ ಹೆಜ್ಜೆಯ ಗುರುತಿನಲ್ಲೇ ಇಡಿಸಿದ. ಆಮೇಲೆ ಎಡಗಾಲು. ಮತ್ತೆ ಬಲಗಾಲು. ಬಿರುಸಾಗಿ ಹೋದ ದಾರಿಯನ್ನು ಅವರು ಮಗುವಿನ ಹಾಗೆ ಹಿಮ್ಮೆಟ್ಟಿ ಬಂದರು.

ಗಟ್ಟಿ ನೆಲ ಸಿಕ್ಕಮೇಲೆ ಚಾಲಕನಿಗೆ ಕೈ ಬೀಸಿದರು. ಯಂತ್ರದ ಸದ್ದು ನಿಂತಿತು.

"ಮರಿ ಹಾರುವವರೆಗೆ ಇಲ್ಲಿ ಯಾರೂ ಕಾಲಿಡಬಾರದು," ಎಂದರು. "ವೇದಿಕೆ ಶಾಲೆಯ ಮೈದಾನಕ್ಕೆ ಹೋಗಲಿ." ಹೊರಡುವ ಮುಂಚೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಗಾಳಿಮರಗಳ ನಡುವೆ ಪ್ರತಿ ಹೆಜ್ಜೆಗೂ ನೆಲ ನೋಡುತ್ತಾ ಹೋದರು. ಅಲ್ಲಿ ಮೊಟ್ಟೆ ಇಲ್ಲವೆಂದು ಯಾರೂ ಅವರಿಗೆ ಹೇಳಲಿಲ್ಲ.

ಜಗಲಿಗೆ ಬಂದ ಮೇಲೆ ಪುಂಡಲೀಕ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದ.

ಅಕ್ಕೋರು ಪೆಟ್ಟಿಗೆ ತೆರೆದು, ತಳದಿಂದ ಮೊದಲಿನ ಫೋಟೋ ತೆಗೆದು ಅವನ ಮುಂದೆ ಹಿಡಿದರು.

"ಹರಿದು ಹಾಕಿ ಅಕ್ಕೋರೇ. ನೋಡಲಿಕ್ಕೆ ನಾಚಿಕೆಯಾಗುತ್ತದೆ."

"ಆಮೇಲೆ ಹರಿ. ಆ ಹಲಗೆಯ ಸುತ್ತ ಇವತ್ತು ಎಷ್ಟು ಗುಳಿ ಕಂಡೆ?"

"ನಾಲ್ಕು."

"ಇದರಲ್ಲಿ ಎಷ್ಟಿವೆ?"

ಅವನು ಫೋಟೋವನ್ನು ಬೆಳಕಿಗೆ ತಿರುಗಿಸಿದ. ಹಲಗೆ ಇತ್ತು. ಹಕ್ಕಿ ಇತ್ತು. ಹಲಗೆಯ ಸುತ್ತ ಮರಳು ಇಸ್ತ್ರಿ ಹಾಕಿದ ರೇಷ್ಮೆಯಂತೆ ಚಿನ್ನದ ಬಣ್ಣದಲ್ಲಿ ಹರಡಿತ್ತು. ಮೊನ್ನೆ ಬೆರಳ ತುದಿಯಿಂದ ಒರೆಸಿದ ಕರಿ ಚುಕ್ಕೆಗಳು ಅವನಿಗೆ ನೆನಪಾದವು. ಅವು ಜೋಡಿ ಜೋಡಿಯಾಗಿದ್ದವು.

"ಒಂದೂ ಇಲ್ಲ," ಎಂದ.

"ಈ ಫೋಟೋದಲ್ಲಿ ಯಂತ್ರ ಮೊನ್ನೆಯೇ ಓಡಿಯಾಗಿದೆ, ತಮಾ," ಎಂದರು ಅಕ್ಕೋರು.